ಒಂದೇ ಕಮಾಂಡ್‌ನ ಬೆನ್ನು ಹತ್ತಿ: ಪ್ರಾಜೆಕ್ಟಿನ ಒಳಗನ್ನು ಹೊಸಬರಿಗೆ ತೋರಿಸುವುದು ಹೇಗೆ

ಕೆಲವು ವರ್ಷಗಳ ಹಿಂದೆ, ನಾನು ನೋಡಿಕೊಳ್ಳುವ ಒಂದು ಓಪನ್ ಸೋರ್ಸ್ ಪ್ರಾಜೆಕ್ಟಿಗೆ ಹೊಸದಾಗಿ ಬಂದ ಆರು ಜನರಿಗೆ ಎರಡು ಗಂಟೆ ಪಾಠ ಮಾಡಿದ್ದೆ. ಸ್ಲೈಡ್ ಮೇಲೆ ಸ್ಲೈಡ್. ಡಬ್ಬಿ, ಬಾಣ, ಇನ್ನೊಂದು ಡಬ್ಬಿ. ಎಲ್ಲರೂ ತಲೆಯಾಡಿಸಿದರು, ಥ್ಯಾಂಕ್ಸ್ ಹೇಳಿದರು, ಹೋದರು. ಆರರಲ್ಲಿ ಒಬ್ಬರಿಂದಲೂ ಒಂದು ಪ್ಯಾಚ್ (ಕೋಡಿಗೆ ಮಾಡಿದ ತಿದ್ದುಪಡಿ) ಬರಲಿಲ್ಲ. ತಿಂಗಳಾದ ಮೇಲೆ ಒಬ್ಬರನ್ನು ಕೇಳಿದೆ. "ಸಾರ್, ಅವತ್ತು ಎಲ್ಲ ಅರ್ಥ ಆಯ್ತು ಅನ್ನಿಸ್ತು. ಆಮೇಲೆ ಎಡಿಟರ್ ತೆರೆದರೆ ಯಾವ ಫೈಲ್ ನೋಡಬೇಕು ಅಂತಲೇ ಗೊತ್ತಾಗಲಿಲ್ಲ" ಅಂದರು.

ತಪ್ಪು ನನ್ನದೇ. ಆ ಚಿತ್ರ ನನ್ನ ತಲೆಯಲ್ಲಿ ಮೂಡಿದ್ದು ವರ್ಷಗಟ್ಟಲೆ ಆ ಕೋಡಿನಲ್ಲಿ ಅಲೆದಾಡಿದ ಮೇಲೆ. ಅಲೆದಾಡದವರಿಗೆ ಅದು ಬರೀ ಡಬ್ಬಿ, ಬಾಣ. ಅಂದಿನಿಂದ ಪಾಠ ಬಿಟ್ಟೆ. ಈಗ ಮಾಡುವುದು ಇಷ್ಟು: ಒಂದು ಕಮಾಂಡ್ ಆರಿಸಿಕೊಂಡು, ಎಂಟರ್ ಒತ್ತಿದಲ್ಲಿಂದ ಕೆಲಸ ಮುಗಿಯುವವರೆಗೆ ಕೋಡಿನೊಳಗೆ ಅದರ ಬೆನ್ನು ಹತ್ತಿ ಹೋಗುವುದು. ಕೀಬೋರ್ಡ್ ಹೊಸಬರ ಕೈಯಲ್ಲಿ, ನಾನು ಪಕ್ಕದಲ್ಲಿ. ಇದನ್ನು ಮೇಂಟೇನರ್‌ಗಳಿಗೆಂದು, ಅಂದರೆ ಪ್ರಾಜೆಕ್ಟ್ ನೋಡಿಕೊಳ್ಳುವವರಿಗೆಂದು ಬರೆಯುತ್ತಿದ್ದೇನೆ, ಆದರೆ ನೀವು ಹೊಸಬರಾಗಿದ್ದರೂ ಓದಿ. ಪಕ್ಕದಲ್ಲಿ ಕೂರುವವರು ಸಿಗದಿದ್ದರೂ ಇದರಲ್ಲಿ ಮುಕ್ಕಾಲು ಪಾಲನ್ನು ಒಬ್ಬರೇ ಮಾಡಬಹುದು.

ಬಿಲ್ಡ್ ಆಗದೆ ಮುಂದೆ ಹೋಗಬೇಡಿ

ಮೊದಲ ದಿನದ ಕೆಲಸ ಬಿಲ್ಡ್ ಮಾತ್ರ, ಅಂದರೆ ಕೋಡಿನಿಂದ ಓಡುವ ಪ್ರೋಗ್ರಾಂ ತಯಾರಿಸುವುದು. ಹೊಸಬರಿಗಿಂತ ಮುಂಚೆ ನೀವೇ ಒಂದು ಖಾಲಿ ಕಂಟೇನರ್ ಅಥವಾ ವರ್ಚುವಲ್ ಮೆಷೀನ್ ತೆರೆದು, ನಿಮ್ಮ ಪ್ರಾಜೆಕ್ಟಿನ ರೀಡ್‌ಮಿಯಲ್ಲಿ (ಪರಿಚಯದ ಫೈಲಿನಲ್ಲಿ) ಏನು ಬರೆದಿದೆಯೋ ಅದನ್ನು ಮಾತ್ರ, ಅಕ್ಷರಶಃ, ಮಾಡಿ ನೋಡಿ. ನಿಮ್ಮ ಮೆಷೀನಿನಲ್ಲಿ ಎಂದೋ ಹಾಕಿಕೊಂಡ ಯಾವುದೋ ಲೈಬ್ರರಿ ಇರುತ್ತದೆ, ಅದು ಇದೆ ಅನ್ನುವುದೇ ನಿಮಗೆ ಮರೆತಿರುತ್ತದೆ. ಹೊಸಬರು ಅಲ್ಲೇ ಮುಗ್ಗರಿಸುತ್ತಾರೆ, ತಮಗೇ ಬರುವುದಿಲ್ಲ ಅಂದುಕೊಂಡು ಸುಮ್ನೆ ಹೊರಟುಹೋಗುತ್ತಾರೆ. ಯಾಕೆ ಹೋದರು ಅಂತ ನಿಮಗೆ ಗೊತ್ತೂ ಆಗುವುದಿಲ್ಲ.

ಇನ್ನೊಂದು ವಿಷಯ: ಅವರು ಡೀಬಗ್ ಬಿಲ್ಡ್ ಮಾಡಲಿ, ಅಂದರೆ ಓಡುವಾಗ ಒಂದೊಂದೇ ಸಾಲಿನಲ್ಲಿ ನಿಲ್ಲಿಸಿ ನೋಡಲು ಬರುವಂಥದ್ದು. ಸಿ ಭಾಷೆಯ ಪ್ರಾಜೆಕ್ಟಾದರೆ ಕಂಪೈಲರ್‌ನ ಆಪ್ಟಿಮೈಸೇಶನ್ (ವೇಗಕ್ಕಾಗಿ ಕೋಡನ್ನು ಮಾರ್ಪಡಿಸುವುದು) ಸೊನ್ನೆಗೆ ಇಳಿಸಿ, ಡೀಬಗ್ ಮಾಹಿತಿ ಸೇರಿಸಿ. ಆಪ್ಟಿಮೈಸ್ ಆದ ಬಿಲ್ಡಿನಲ್ಲಿ ಡೀಬಗರ್ ಒಂದು ಸಾಲಿನಿಂದ ಇನ್ನೆಲ್ಲಿಗೋ ಜಿಗಿಯುತ್ತದೆ, ವೇರಿಯಬಲ್ ಕೇಳಿದರೆ ಅದು ಇಲ್ಲವೇ ಇಲ್ಲ ಅನ್ನುತ್ತದೆ. ಅನುಭವಿಗಳು ಅದನ್ನು ನೋಡಿ ನಕ್ಕು ಮುಂದೆ ಹೋಗುತ್ತಾರೆ. ಹೊಸಬರು ತಾವೇ ಏನೋ ತಪ್ಪು ಮಾಡಿದೆವು ಅಂದುಕೊಂಡು ಅರ್ಧ ದಿನ ಒದ್ದಾಡುತ್ತಾರೆ.

ಬಿಲ್ಡ್ ಆಯಿತು, ಟೆಸ್ಟ್‌ಗಳು ಓಡಿದವು. ಅವತ್ತಿಗೆ ಸಾಕು.

ಬೆನ್ನು ಹತ್ತುವ ಕೆಲಸ

ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಉದಾಹರಣೆಗೆ, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಅನ್ನೇ ತೆಗೆದುಕೊಳ್ಳೋಣ. ದಿನಾ ಬಳಸುವ ವಸ್ತು, ಒಳಗೇನಿದೆ ಅಂತ ನೋಡಿದವರು ಕಡಿಮೆ.

ಒಂದು ಖಾಲಿ ಫೋಲ್ಡರಿನಲ್ಲಿ ಗಿಟ್ ಇನಿಟ್ (ಫೋಲ್ಡರನ್ನು ಗಿಟ್ ರೆಪೊಸಿಟರಿ ಮಾಡುವ ಕಮಾಂಡ್) ಮಾಡಿಸಿ. ಒಂದು ಫೈಲ್ ಮಾಡಿ, ಅದರಲ್ಲಿ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಹೆಲೋ ಎಂಬ ಐದಕ್ಷರವನ್ನು ಎಕೋ ಕಮಾಂಡಿನಿಂದ ಬರೆಯಲಿ. ಫೈಲನ್ನು ಗಿಟ್‌ಗೆ ಒಪ್ಪಿಸುವ ಗಿಟ್ ಆಡ್ ಕೊಡುವ ಮುಂಚೆ ಒಂದು ಪ್ರಶ್ನೆ ಕೇಳಿ: "ಈಗ ಎಂಟರ್ ಒತ್ತಿದರೆ ಡಿಸ್ಕಿನಲ್ಲಿ ಏನು ಬದಲಾಗುತ್ತದೆ?" ಉತ್ತರ ಸರಿಯೋ ತಪ್ಪೋ ಮುಖ್ಯ ಅಲ್ಲ. ಬಾಯಿಬಿಟ್ಟು ಹೇಳಿದ ಊಹೆ ಸುಳ್ಳಾದಾಗ ಅದು ನೆನಪಲ್ಲಿ ಉಳಿಯುತ್ತದೆ. ನಾವು ಹೇಳಿಕೊಟ್ಟದ್ದು ಉಳಿಯುವುದಿಲ್ಲ.

ಈಗ ಗಿಟ್ ಆಡ್ ಕೊಟ್ಟು, ಡಾಟ್ ಗಿಟ್ ಫೋಲ್ಡರಿನ ಒಳಗೆ ಆಬ್ಜೆಕ್ಟ್ಸ್ ಅನ್ನುವ ಜಾಗ ನೋಡಲಿ. ಸಿ-ಇ ಎಂಬ ಎರಡಕ್ಷರದ ಹೊಸ ಫೋಲ್ಡರ್ ಬಂದಿರುತ್ತದೆ, ಅದರೊಳಗೆ 38 ಅಕ್ಷರದ ಹೆಸರಿನ ಒಂದು ಫೈಲ್. ಶಾ-1 ಎಂಬ ಲೆಕ್ಕಾಚಾರ ಬಳಸುವ ರೆಪೊಸಿಟರಿಯಾದರೆ ನಿಮ್ಮ ಮೆಷೀನಿನಲ್ಲೂ ಅದೇ ಹೆಸರು, ಅವರ ಮೆಷೀನಿನಲ್ಲೂ ಅದೇ ಹೆಸರು. ಇಬ್ಬರೂ ಪರದೆ ಪಕ್ಕಪಕ್ಕ ಇಟ್ಟು ಹೋಲಿಸಿ. ಈ ಕ್ಷಣದಲ್ಲಿ ಹೆಚ್ಚಿನವರ ಮುಖ ಅರಳುತ್ತದೆ. ಹೆಸರು ಯಾರೋ ಇಟ್ಟದ್ದಲ್ಲ, ಒಳಗಿರುವುದರಿಂದಲೇ ಹುಟ್ಟಿದ್ದು ಅಂತ ಯಾರೂ ಹೇಳದೆಯೇ ಗೊತ್ತಾಗುತ್ತದೆ.

ಆ ಫೈಲನ್ನು ಎಡಿಟರಿನಲ್ಲಿ ತೆರೆದರೆ ಬರೀ ಕಸ ಕಾಣುತ್ತದೆ, ಏಕೆಂದರೆ ಅದನ್ನು ಝಡ್‌ಲಿಬ್ ಎಂಬ ಲೈಬ್ರರಿಯಿಂದ ಕುಗ್ಗಿಸಿದೆ. ಬಿಚ್ಚಿ ನೋಡಿದರೆ ಮೊದಲು ಬ್ಲಾಬ್ ಎಂಬ ಪದ, ಒಂದು ಸ್ಪೇಸ್, 6 ಎಂಬ ಅಂಕಿ, ಒಂದು ಸೊನ್ನೆ ಬೈಟ್, ಆಮೇಲೆ ಹೆಲೋ. ಐದಕ್ಷರ ಬರೆದರೆ 6 ಯಾಕೆ? ಕೇಳಿ, ಕಾಯಿರಿ. ಸಾಲಿನ ಕೊನೆಯ ನ್ಯೂಲೈನ್ ಅಂತ ಅವರೇ ಕಂಡುಹಿಡಿಯಲಿ.

ಮುಂದಿನ ಪ್ರಶ್ನೆ: ಇದರಲ್ಲಿ ಫೈಲಿನ ಹೆಸರು ಎಲ್ಲಿ? ಇಲ್ಲ. ಹಾಗಾದರೆ ಎಲ್ಲಿ ಹೋಯಿತು? ಗಿಟ್ ಎಲ್ಎಸ್-ಫೈಲ್ಸ್ ಕಮಾಂಡನ್ನು ಸ್ಟೇಜ್ ಆಪ್ಶನ್ ಹಾಕಿ ಕೊಟ್ಟರೆ ಸಿಗುತ್ತದೆ: ಫೈಲ್ ಮೋಡ್, ಆ ಉದ್ದದ ಹೆಸರು, ಒಂದು ಸೊನ್ನೆ, ಕೊನೆಗೆ ಫೈಲಿನ ಹೆಸರು. ಅಂದರೆ ಹೆಸರು ಇಂಡೆಕ್ಸ್ ಎಂಬ ಗಿಟ್‌ನ ಪಟ್ಟಿಯಲ್ಲಿದೆ, ಒಡಲು ಆಬ್ಜೆಕ್ಟಿನಲ್ಲಿದೆ. ಈಗ ಅದೇ ಫೈಲನ್ನು ಬೇರೆ ಹೆಸರಿನಲ್ಲಿ ಕಾಪಿ ಮಾಡಿ ಆಡ್ ಮಾಡಿದರೆ ಆಬ್ಜೆಕ್ಟ್ ಎಷ್ಟಾಗುತ್ತದೆ? ಈ ಹೊತ್ತಿಗೆ ಅವರೇ "ಒಂದೇ" ಅನ್ನುತ್ತಾರೆ.

ಇಷ್ಟಾಗುವವರೆಗೆ ಒಂದು ಸಾಲು ಕೋಡ್ ತೆರೆದಿಲ್ಲ, ಗಮನಿಸಿ. ಹೊರಗಿನಿಂದ ಏನಾಗುತ್ತದೆ ಅಂತ ಗೊತ್ತಾದ ಮೇಲೆಯೇ ಒಳಗೆ ಹೋಗಬೇಕು. ಈಗ ಡೀಬಗರ್. ತಾವೇ ಬಿಲ್ಡ್ ಮಾಡಿದ ಗಿಟ್ ಅನ್ನು ಜಿಡಿಬಿ ಎಂಬ ಡೀಬಗರಿನಲ್ಲಿ ತೆರೆದು, ಸಿಎಂಡಿ_ಆಡ್ ಎಂಬ ಫಂಕ್ಷನ್ ಮೇಲೆ ಬ್ರೇಕ್‌ಪಾಯಿಂಟ್ (ಇಲ್ಲಿಗೆ ಬಂದರೆ ನಿಲ್ಲು ಎಂಬ ಗುರುತು) ಇಟ್ಟು ಓಡಿಸಲಿ. ಅದು ಬಿಲ್ಟಿನ್ ಎಂಬ ಫೋಲ್ಡರಿನಲ್ಲಿರುವ ಆಡ್ ಡಾಟ್ ಸಿ ಫೈಲಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಒಂದೊಂದೇ ಹೆಜ್ಜೆ. ಎಲ್ಲ ಫಂಕ್ಷನ್ನಿನ ಒಳಗೂ ಇಳಿಯಲು ಹೋಗಬೇಡಿ, ಮುಳುಗಿಹೋಗುತ್ತೀರಿ. ಹುಡುಕಬೇಕಾದದ್ದು ಎರಡೇ ಜಾಗ: ಆ 6 ಎಂಬ ಅಂಕಿ ಎಲ್ಲಿ ಬರೆಯಲಾಗುತ್ತದೆ, ಆ ಹೆಸರು ಇಂಡೆಕ್ಸಿಗೆ ಎಲ್ಲಿ ಸೇರುತ್ತದೆ. ಆ ಜಾಗ ಸಿಕ್ಕಾಗ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆದು ಇಲ್ಲಿಗೆ ಬಂತು ಎಂಬ ಪಟ್ಟಿ) ತೆಗೆದು ಒಂದು ಫೈಲಿಗೆ ಹಾಕಿಟ್ಟುಕೊಳ್ಳಲಿ. ನಾನು ಎರಡು ಗಂಟೆ ಸ್ಲೈಡಿನಲ್ಲಿ ತೋರಿಸಲು ಹೋಗಿ ಸೋತದ್ದು ಆ ಹತ್ತು ಹನ್ನೆರಡು ಸಾಲಿನಲ್ಲಿರುತ್ತದೆ.

ನಿಮ್ಮ ಪ್ರಾಜೆಕ್ಟಿನಲ್ಲಿ ಗಿಟ್ ಆಡ್ ಬದಲು ಬೇರೇನೋ ಇರುತ್ತದೆ, ವಿಧಾನ ಇದೇ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಆದರೆ ಅದಕ್ಕೆ ಕಮಾಂಡ್ ಕೊಡುವ ಪಿಎಸ್‌ಕ್ಯೂಎಲ್ ತೆರೆದು, ಪಿಜಿ_ಬ್ಯಾಕೆಂಡ್_ಪಿಐಡಿ ಫಂಕ್ಷನ್ನಿನಿಂದ ಆ ಕನೆಕ್ಷನ್‌ನ ಪ್ರೋಸೆಸ್ ನಂಬರ್ ತಿಳಿದುಕೊಂಡು, ಇನ್ನೊಂದು ಟರ್ಮಿನಲಿನಿಂದ ಡೀಬಗರ್ ಜೋಡಿಸಿ, ಎಕ್ಸೆಕ್_ಸಿಂಪಲ್_ಕ್ವೆರಿ ಮೇಲೆ ಬ್ರೇಕ್‌ಪಾಯಿಂಟ್ ಇಡಿ. ಒಂದು ಸಣ್ಣ ಸೆಲೆಕ್ಟ್ ಕ್ವೆರಿ (ಡೇಟಾ ಕೇಳುವ ಆದೇಶ) ಕೊಟ್ಟರೆ ಪಾರ್ಸರ್, ರಿರೈಟರ್, ಪ್ಲಾನರ್, ಎಕ್ಸಿಕ್ಯೂಟರ್ ಎಂಬ ಹಂತಗಳೆಲ್ಲ ಒಂದೇ ಫಂಕ್ಷನ್ನಿನಿಂದ ಸಾಲಾಗಿ ಹೊರಡುವುದು ಕಾಣುತ್ತದೆ. ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿ ಇನ್ನೂ ಸುಲಭ: ಕ್ವೆರಿಯ ಮುಂದೆ ಎಕ್ಸ್‌ಪ್ಲೇನ್ ಅಂತ ಸೇರಿಸಿದರೆ ಅದರ ಬೈಟ್‌ಕೋಡ್ (ಒಳಗೆ ನಡೆಯುವ ಸಣ್ಣ ಸಣ್ಣ ಆದೇಶಗಳು) ಸಾಲು ಸಾಲಾಗಿ ಪರದೆ ಮೇಲೆ ಬರುತ್ತದೆ. ಪೈಥಾನಿನಲ್ಲಿ ಇದೇ ಕೆಲಸಕ್ಕೆ ಡಿಸ್ ಮಾಡ್ಯೂಲ್ ಇದೆ. ನಿಮ್ಮ ಪ್ರಾಜೆಕ್ಟಿನಲ್ಲಿ ಹೀಗೆ ಒಳಗನ್ನು ತೋರಿಸುವ ಕಿಂಡಿ ಇಲ್ಲವೇ? ಒಂದು ಟ್ರೇಸ್ ಆಪ್ಶನ್ ಸೇರಿಸಿ. ಹೊಸಬರಿಗಾಗಿ ನೀವು ಬರೆಯಬಹುದಾದ ಅತಿ ಉಪಯೋಗದ ಕೋಡ್ ಅದೇ ಇರಬಹುದು.

ಎಐ ಬಗ್ಗೆ ಒಂದು ಮಾತು. ಈಗ ಹೆಚ್ಚಿನವರು ಕೋಡನ್ನು ಚಾಟ್‌ಬಾಟಿಗೆ ಕೊಟ್ಟು ವಿವರಿಸು ಅನ್ನುತ್ತಾರೆ. ನನಗೆ ಅದರ ಮೇಲೆ ಕೋಪ ಇಲ್ಲ, ನಾನೂ ಮಾಡುತ್ತೇನೆ. ಆದರೆ ಅದು ಹೇಳಿದ್ದನ್ನು ಊಹೆ ಅಂತಲೇ ಇಟ್ಟುಕೊಂಡು, ಬ್ರೇಕ್‌ಪಾಯಿಂಟ್ ಇಟ್ಟು ಹೌದೋ ಅಲ್ಲವೋ ನೋಡಬೇಕು. ಕರೆಯೇ ಆಗದ ಫಂಕ್ಷನ್ನಿನ ಬಗ್ಗೆ ಅದು ಎರಡು ಪ್ಯಾರಾ ಚೆಂದವಾಗಿ ಬರೆದುಕೊಟ್ಟದ್ದನ್ನು ನೋಡಿದ್ದೇನೆ.

ಆಮೇಲೆ ಮುರಿಯಿರಿ

ದಾರಿ ನೋಡಿದ್ದಾಯಿತು. ಈಗ ಅದೇ ದಾರಿಯಲ್ಲಿ ಒಂದು ಸಾಲು ಬದಲಾಯಿಸಲು ಹೇಳಿ. ಒಂದು ಇಫ್ ಷರತ್ತನ್ನು ತಿರುಗಿಸಿ, ಯಾವ ಟೆಸ್ಟ್ ಬೀಳುತ್ತದೆ ಅಂತ ಮೊದಲೇ ಊಹಿಸಿ, ಆಮೇಲೆ ಓಡಿಸಿ. ಗಿಟ್‌ನಲ್ಲಿ ಆಡ್ ಕಮಾಂಡಿನ ಟೆಸ್ಟ್‌ಗಳಿಗೆ ಟಿ3700 ಎಂಬ ಅಂಕಿಯ ಶೆಲ್ ಸ್ಕ್ರಿಪ್ಟ್ ಇದೆ. ಅದು ಬೀಳುತ್ತದೆ ಅಂದುಕೊಂಡರೆ ಎಲ್ಲೋ ದೂರದ ಇನ್ನೇನೋ ಬೀಳುತ್ತದೆ. ಯಾಕೆ ಅಂತ ಹುಡುಕಿಕೊಂಡು ಹೋದರೆ ಒಂದು ಮಧ್ಯಾಹ್ನ ಹೋಗುತ್ತದೆ. ಹೋಗಲಿ. ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಅನ್ನುವುದು ಓದಿ ಗೊತ್ತಾಗುವ ವಿಷಯವಲ್ಲ.

ಆಟಿಕೆ ಕಮಾಂಡ್ ಬರೆಸುವುದೂ ಒಳ್ಳೆಯದು. ಗಿಟ್ ಪ್ರಾಜೆಕ್ಟಿನವರು ಮೊದಲ ಕೊಡುಗೆಗೆಂದು ಬರೆದಿರುವ ಪಾಠದಲ್ಲಿ ಪುಶ್ ಪದದ ಅಕ್ಷರ ಬೇಕೆಂದೇ ಅದಲು ಬದಲು ಮಾಡಿದ ಒಂದು ಕಮಾಂಡ್ ಬರೆಸುತ್ತಾರೆ. ಅದರಿಂದ ಯಾರಿಗೂ ಪ್ರಯೋಜನವಿಲ್ಲ, ಅದು ಎಂದೂ ಸೇರುವುದಿಲ್ಲ. ಆದರೆ ಹೊಸ ಕಮಾಂಡ್ ಎಲ್ಲೆಲ್ಲಿ ನೋಂದಾಯಿಸಬೇಕು, ಟೆಸ್ಟ್ ಎಲ್ಲಿ ಹಾಕಬೇಕು, ಪ್ಯಾಚ್ ಹೇಗೆ ಕಳಿಸಬೇಕು ಅನ್ನುವುದೆಲ್ಲ ಯಾವ ಭಯವೂ ಇಲ್ಲದೆ ಕೈಗೆ ಹತ್ತುತ್ತದೆ.

ಮುರಿಯುವ ಹೊತ್ತಿನಲ್ಲೇ ಒಂದು ಬಲೆಯನ್ನೂ ತೋರಿಸಿಬಿಡಿ: ಜನರೇಟ್ ಆದ ಫೈಲ್‌ಗಳು. ಸಿಪೈಥಾನ್ (ಸಾಮಾನ್ಯವಾಗಿ ಎಲ್ಲರೂ ಬಳಸುವ ಪೈಥಾನ್) 3.12ರಿಂದ ಈಚೆಗೆ ಇಂಟರ್ಪ್ರಿಟರಿನ ಆಪ್‌ಕೋಡ್‌ಗಳನ್ನು, ಅಂದರೆ ಬೈಟ್‌ಕೋಡಿನ ಒಂದೊಂದು ಆದೇಶವನ್ನೂ, ಬೈಟ್‌ಕೋಡ್ಸ್ ಡಾಟ್ ಸಿ ಎಂಬ ಫೈಲಿನಲ್ಲಿ ಬರೆದಿರುತ್ತಾರೆ, ಕಂಪೈಲ್ ಆಗುವುದು ಅದರಿಂದ ಹುಟ್ಟುವ ಇನ್ನೊಂದು ಫೈಲ್. ಹೊಸಬರು ಹುಟ್ಟಿದ ಫೈಲನ್ನು ತಿದ್ದುತ್ತಾರೆ, ಫೈಲ್ ಮತ್ತೆ ಜನರೇಟ್ ಆದಾಗ ತಿದ್ದಿದ್ದು ಮಾಯ. ನಿಮ್ಮ ಪ್ರಾಜೆಕ್ಟಿನಲ್ಲಿ ಇಂಥದ್ದು ಇದ್ದರೆ ಮೊದಲ ವಾರವೇ ಹೇಳಿ.

ಪದಗಳ ಕಾಟ

ಕೋಡಿಗಿಂತ ಜಾಸ್ತಿ ಹೊಸಬರನ್ನು ಗೋಳಾಡಿಸುವುದು ಪದಗಳು. ಗಿಟ್‌ನಲ್ಲೇ ನೋಡಿ. ಇಂಡೆಕ್ಸ್, ಕ್ಯಾಶ್, ಸ್ಟೇಜಿಂಗ್ ಏರಿಯಾ, ಮೂರೂ ಒಂದೇ ವಸ್ತು. ಕ್ಯಾಶ್ ಹಳೆಯ ಹೆಸರು. ಗಿಟ್‌ನ ಪದಕೋಶವೇ ಅದನ್ನು ಬಳಕೆ ಬಿಟ್ಟ ಪದ ಅನ್ನುತ್ತದೆ. ಆದರೆ ರೀಡ್-ಕ್ಯಾಶ್ ಎಂಬ ಫೈಲ್ ಹೆಸರಿನಲ್ಲಿ, ಡಿಫ್ ಕಮಾಂಡಿನ ಕ್ಯಾಶ್ಡ್ ಎಂಬ ಆಪ್ಶನ್‌ನಲ್ಲಿ ಅದು ಇನ್ನೂ ಕುಳಿತಿದೆ. ಹಳಬರಿಗೆ ಇದು ಕಣ್ಣಿಗೇ ಬೀಳುವುದಿಲ್ಲ. ಹೊಸಬರು ಮೂರು ಬೇರೆ ಬೇರೆ ವಸ್ತು ಅಂದುಕೊಂಡು ಮೂರನ್ನೂ ಹುಡುಕುತ್ತಾರೆ.

ಆದ್ದರಿಂದ ಪದಪಟ್ಟಿ ಬೇಕು. ಅದನ್ನು ನೀವು ಬರೆಯಬೇಡಿ, ನಿಮಗೆ ಯಾವ ಪದ ಕಷ್ಟ ಅಂತ ಈಗ ಗೊತ್ತಾಗುವುದಿಲ್ಲ. ಮೊದಲ ದಿನದಿಂದಲೇ ಒಂದು ಫೈಲ್ ತೆರೆದುಕೊಟ್ಟು, ತಬ್ಬಿಬ್ಬಾದ ಪ್ರತಿ ಪದವನ್ನೂ ಅಲ್ಲಿ ಹಾಕಲು ಹೇಳಿ. ವಾರಕ್ಕೊಮ್ಮೆ ಕೂತು ಪಕ್ಕದಲ್ಲಿ ಅರ್ಥ ತುಂಬಿ. ಒಂದು ತಿಂಗಳಾದರೆ ಅವರಿಗೂ ಆ ಪದ ಸಹಜವಾಗಿಬಿಡುತ್ತದೆ, ಆಮೇಲೆ ಕೇಳಿದರೆ "ಅದರಲ್ಲೇನು ಕಷ್ಟ?" ಅನ್ನುತ್ತಾರೆ. ಹೊಸಗಣ್ಣು ಇರುವುದು ಕೆಲವೇ ವಾರ.

ನಕ್ಷೆ ಈಗ ಕೊಡಿ

ಡಬ್ಬಿ ಬಾಣ ಬೇಡವೇ ಬೇಡ ಅಂತಲ್ಲ. ಎರಡು ಮೂರು ದಾರಿ ನಡೆದ ಮೇಲೆ ಕೊಟ್ಟರೆ ಅದಕ್ಕೆ ಅರ್ಥ ಬರುತ್ತದೆ. ಒಂದೇ ಪುಟ ಇರಲಿ. ಯಾವ ಫೋಲ್ಡರಿನಲ್ಲಿ ಏನಿದೆ, ಯಾವುದು ಯಾವುದನ್ನು ಕರೆಯುತ್ತದೆ ಅನ್ನುವುದಕ್ಕಿಂತ ಯಾವುದು ಯಾವುದನ್ನು ಎಂದೂ ಕರೆಯಕೂಡದು ಅನ್ನುವುದನ್ನು ಬರೆಯಿರಿ. "ಈ ಪದರದಿಂದ ನೆಟ್‌ವರ್ಕ್ ಮುಟ್ಟುವುದಿಲ್ಲ" ಅನ್ನುವಂಥ ನಿಯಮ ಕೋಡ್ ಓದಿದರೆ ಕಾಣುವುದಿಲ್ಲ. ಇಲ್ಲದಿರುವುದು ಹೇಗೆ ಕಾಣುತ್ತದೆ, ಅಲ್ವಾ? ಪದೇ ಪದೇ ಬದಲಾಗುವ ವಿವರ ಅದರಲ್ಲಿ ಹಾಕಬೇಡಿ. ಅದು ಆರು ತಿಂಗಳಲ್ಲಿ ಸುಳ್ಳಾಗುತ್ತದೆ, ಒಂದು ಸುಳ್ಳು ಸಿಕ್ಕರೆ ಇಡೀ ಪುಟವನ್ನೇ ಯಾರೂ ನಂಬುವುದಿಲ್ಲ.

ಒಂದು ಭಾಗದ ಆಳದ ವಿವರ ಆ ಕೋಡಿನ ಪಕ್ಕದಲ್ಲೇ ಇರಲಿ. ಪೋಸ್ಟ್‌ಗ್ರೆಸ್ ಇದನ್ನು ಚೆನ್ನಾಗಿ ಮಾಡುತ್ತದೆ: ಸೋರ್ಸಿನ ಎಷ್ಟೋ ಫೋಲ್ಡರುಗಳಲ್ಲಿ ಆಯಾ ಭಾಗದ ರೀಡ್‌ಮಿ ಇದೆ. ಬಿ-ಟ್ರೀ ಇಂಡೆಕ್ಸಿನ ಫೋಲ್ಡರಿನಲ್ಲಿರುವುದನ್ನು ಓದಿದರೆ ಯಾವ ಅಲ್ಗಾರಿದಂ ಮೇಲೆ ಅದು ನಿಂತಿದೆ, ಮೂಲದಿಂದ ಎಲ್ಲಿ ಬೇರೆಯಾಗಿದೆ ಅನ್ನುವುದೂ ಸಿಗುತ್ತದೆ. ಪ್ಯಾಚ್ ಕಳಿಸುವವರ ಕಣ್ಣೆದುರೇ ಇರುವುದರಿಂದ ಕೋಡ್ ಬದಲಾದಾಗ ಅದನ್ನೂ ತಿದ್ದಲು ನೆನಪಾಗುತ್ತದೆ.

ಹಳೆಯದನ್ನು ಓದಿಸಿ

ಇದು ನನ್ನ ಅತಿ ಇಷ್ಟದ ಹಂತ, ಹೆಚ್ಚಿನವರು ಬಿಟ್ಟುಬಿಡುವ ಹಂತವೂ ಹೌದು. ದೊಡ್ಡ ಪ್ರಾಜೆಕ್ಟುಗಳೂ ಒಂದು ಕಾಲಕ್ಕೆ ಚಿಕ್ಕವೇ. 1991ರ ಲಿನಕ್ಸ್ 0.01 ಸುಮಾರು 10,000 ಸಾಲು, ಇವತ್ತಿನದು 3 ಕೋಟಿ ಸಾಲು ದಾಟಿದೆ. ಗಿಟ್‌ನ ಮೊದಲ ಕಮಿಟ್ (ದಾಖಲಾದ ಬದಲಾವಣೆ) 2005ರ ಏಪ್ರಿಲ್ 7ರದು. 11 ಫೈಲ್, ಸಾವಿರಕ್ಕೆ ಸ್ವಲ್ಪ ಜಾಸ್ತಿ ಸಾಲು. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಆಡ್ ಇಲ್ಲ, ಅದರ ಜಾಗದಲ್ಲಿ ಅಪ್‌ಡೇಟ್-ಕ್ಯಾಶ್ ಇದೆ. ಕ್ಯಾಶ್ ಎಂಬ ಪದ ಎಲ್ಲಿಂದ ಬಂತು ಅನ್ನುವುದಕ್ಕೂ ಅಲ್ಲೇ ಉತ್ತರ ಸಿಗುತ್ತದೆ.

ಆ ಕಮಿಟ್‌ನಲ್ಲಿ ಇನ್ನೊಂದು ಮಜಾ ಇದೆ. ಅಲ್ಲಿ ಮೊದಲು ಕುಗ್ಗಿಸಿ, ಕುಗ್ಗಿಸಿದ್ದರ ಮೇಲೆ ಶಾ-1 ಲೆಕ್ಕ ಹಾಕುತ್ತಿದ್ದರು. ಎರಡು ವಾರ ತುಂಬುವುದರೊಳಗೆ ಅದನ್ನು ತಿರುಗಿಸಿ, ಮೊದಲು ಲೆಕ್ಕ, ಆಮೇಲೆ ಕುಗ್ಗಿಸುವುದು ಅಂತ ಮಾಡಿದರು. ಯಾಕಿರಬಹುದು ಅಂತ ಹೊಸಬರನ್ನು ಕೇಳಿ. ಕುಗ್ಗಿಸುವ ಮಟ್ಟ ಬದಲಾಯಿಸಿದರೆ ಅದೇ ಹೆಲೋಗೆ ಬೇರೆ ಹೆಸರು ಬರುತ್ತಿತ್ತು ಅಂತ ಅವರಿಗೆ ಹೊಳೆದರೆ, ಆ ಕೋಡ್ ಈಗ ಯಾಕೆ ಹೀಗಿದೆ ಅನ್ನುವುದನ್ನು ಅವರು ಇನ್ನು ಮರೆಯುವುದಿಲ್ಲ.

ಇದಕ್ಕೆ ಬೇಕಾದ ಉಪಕರಣ ಎರಡು ಮೂರು. ಗಿಟ್ ಬ್ಲೇಮ್ ಎಲ್ಲರಿಗೂ ಗೊತ್ತು, ಆದರೆ ಅದು ಕೊನೆಯದಾಗಿ ಮುಟ್ಟಿದವರನ್ನು ತೋರಿಸುತ್ತದೆ, ಅವರು ಬರೀ ಇಂಡೆಂಟ್ ಸರಿಮಾಡಿರಬಹುದು. ಗಿಟ್ ಲಾಗ್‌ಗೆ ದೊಡ್ಡ ಎಸ್ ಆಪ್ಶನ್ ಕೊಟ್ಟು ಒಂದು ಪದ ಹಾಕಿದರೆ ಆ ಪದ ಸೇರಿದ, ಹೋದ ಕಮಿಟ್‌ಗಳು ಮಾತ್ರ ಬರುತ್ತವೆ. ದೊಡ್ಡ ಎಲ್ ಆಪ್ಶನ್ ಕೊಟ್ಟರೆ ಒಂದೇ ಫಂಕ್ಷನ್ನಿನ ಇಡೀ ಚರಿತ್ರೆ. ಇವು ಬಂದರೆ ನಿಮ್ಮನ್ನು ಕೇಳುವ ಅರ್ಧ ಪ್ರಶ್ನೆ ಕಡಿಮೆಯಾಗುತ್ತದೆ.

ಮೊದಲ ನಿಜವಾದ ಕೆಲಸ

ಸ್ಪೆಲಿಂಗ್ ತಿದ್ದುವ ಕೆಲಸ ಕೊಡಬೇಡಿ. ಪ್ಯಾಚ್ ಕಳಿಸುವ ದಾರಿ ಗೊತ್ತಾಗುತ್ತದೆ ನಿಜ, ಒಳಗೇನೂ ಗೊತ್ತಾಗುವುದಿಲ್ಲ. ನಾನು ಕೊಡುವುದು ಎರರ್ ಮೆಸೇಜ್ ಸುಧಾರಿಸುವ ಕೆಲಸ. "ಫೈಲ್ ತೆರೆಯಲಾಗಲಿಲ್ಲ" ಅನ್ನುವುದನ್ನು ಯಾವ ಫೈಲ್, ಯಾಕೆ ಅಂತ ಹೇಳುವಂತೆ ಮಾಡಬೇಕು. ಚಿಕ್ಕದಾಗಿ ಕಾಣುತ್ತದೆ, ಆದರೆ ಫೈಲಿನ ಹೆಸರು ಕೆಳಗಿನ ಪದರದಲ್ಲಿ ಗೊತ್ತು, ಮೆಸೇಜ್ ಬರುವುದು ಮೇಲಿನ ಪದರದಲ್ಲಿ, ನಡುವಿನ ನಾಲ್ಕು ಫಂಕ್ಷನ್ ದಾಟಿಸಿ ತರಬೇಕು. ಬೇಡವೆಂದರೂ ಒಳಗು ಕಲಿಯಲೇಬೇಕಾಗುತ್ತದೆ.

ಹೊಸಬರಿಗೆಂದು ಲೇಬಲ್ ಹಾಕಿದ ಇಶ್ಯೂಗಳನ್ನು (ಪಟ್ಟಿ ಮಾಡಿಟ್ಟ ಬಾಕಿ ಕೆಲಸಗಳನ್ನು) ಆಗಾಗ ಗುಡಿಸಿ. ಎರಡು ವರ್ಷದ ಹಿಂದೆಯೇ ಬೇರೆ ಯಾವುದೋ ಪ್ಯಾಚ್‌ನಲ್ಲಿ ಸರಿಯಾದದ್ದು, ಮೇಂಟೇನರ್‌ಗಳೇ ಜಗಳಾಡಿ ಬಿಟ್ಟದ್ದು, ಮೂವರು ಕೈಹಾಕಿ ನಿಲ್ಲಿಸಿದ್ದು ಎಲ್ಲ ಅಲ್ಲಿ ಕೊಳೆಯುತ್ತಿರುತ್ತವೆ. ಪ್ರತಿ ಇಶ್ಯೂನಲ್ಲಿ ಮೂರು ಸಾಲು ಬರೆದಿಡಿ: ಎಲ್ಲಿಂದ ಶುರು ಮಾಡಬೇಕು, ಯಾವ ಟೆಸ್ಟ್ ನೋಡಬೇಕು, ಮುಗಿಯಿತು ಅಂತ ಹೇಗೆ ಗೊತ್ತಾಗುತ್ತದೆ. ಮತ್ತೆ, ನಿಮಗೆ ಹತ್ತು ನಿಮಿಷದ ಕೆಲಸ ಅಂತ ನೀವೇ ಮಾಡಿಬಿಡಬೇಡಿ. ಈ ಚಟ ಬಿಡಲು ನನಗೆ ತುಂಬ ಕಾಲ ಹಿಡಿಯಿತು.

ಪ್ರಶ್ನೆಗಳು

ಅರ್ಧ ಗಂಟೆ ಹುಡುಕಿ, ಸಿಗದಿದ್ದರೆ ಕೇಳಿ, ಇದು ನಮ್ಮಲ್ಲಿ ನಿಯಮ. ಅರ್ಧ ಗಂಟೆಗೆ ಮುಂಚೆ ಕೇಳಿದರೆ ಕಲಿಯುವುದಿಲ್ಲ, ಎರಡು ದಿನ ಕಾದರೆ ಸೋತುಹೋಗುತ್ತಾರೆ. ಎಲ್ಲರಿಗೂ ಕಾಣುವ ಜಾಗದಲ್ಲೇ ಕೇಳಲಿ. ನಾಚಿಕೆಯಿಂದ ಖಾಸಗಿಯಾಗಿ ಕೇಳಿದರೆ, ಉತ್ತರ ಕೊಟ್ಟು, "ಇದನ್ನೇ ಚಾನೆಲ್‌ನಲ್ಲಿ ಹಾಕಿ, ನಾನು ಅಲ್ಲೂ ಉತ್ತರಿಸುತ್ತೇನೆ" ಅನ್ನಿ. ಹಳಬರೂ ಅಲ್ಲಿ ಗೊತ್ತಿಲ್ಲದ್ದನ್ನು ಕೇಳುತ್ತಿದ್ದರೆ ಸಂಕೋಚ ತಾನಾಗಿ ಹೋಗುತ್ತದೆ.

ಉತ್ತರ ಕೊಡುವಾಗ ಉತ್ತರದ ಜೊತೆಗೆ ಅದನ್ನು ನೀವು ಹೇಗೆ ಹುಡುಕಿದಿರಿ ಅನ್ನುವುದನ್ನೂ ಬರೆಯಿರಿ. "ಆ ಫ್ಲ್ಯಾಗ್ ಸೆಟ್ ಆಗುವುದು ಇಲ್ಲಿ. ನನಗೂ ನೆನಪಿರಲಿಲ್ಲ, ಗಿಟ್ ಗ್ರೆಪ್‌ನಿಂದ ಹುಡುಕಿದೆ, ಒಂಬತ್ತು ಜಾಗ ಬಂತು, ಟೆಸ್ಟ್ ಫೋಲ್ಡರಿನವನ್ನು ಬಿಟ್ಟರೆ ಎರಡೇ." ಹೀಗೆ ಬರೆದರೆ ಮುಂದಿನ ಸಲ ಆ ಪ್ರಶ್ನೆ ಬರುವುದಿಲ್ಲ. ಅದೇ ಪ್ರಶ್ನೆ ಇನ್ನೊಬ್ಬರಿಂದ ಬಂದರೆ ದಾಖಲೆಯಲ್ಲಿ ಕೊರತೆ ಇದೆ ಅಂತ ಅರ್ಥ, ಅದನ್ನು ತುಂಬುವ ಪ್ಯಾಚನ್ನು ಮೊದಲು ಕೇಳಿದವರೇ ಕಳಿಸಲಿ.

ಪ್ಯಾಚ್‌ಗಳ ರಿವ್ಯೂ ಬಗ್ಗೆ ಎರಡೇ ಮಾತು. ಬೇಗ ನೋಡಿ, ಪೂರ್ತಿ ನೋಡಲು ಸಮಯವಿಲ್ಲದಿದ್ದರೆ "ಬಂದಿದೆ, ಶನಿವಾರ ನೋಡುತ್ತೇನೆ" ಅಂತಾದರೂ ಬರೆಯಿರಿ. ಮತ್ತು ಬದಲಾಯಿಸಲೇಬೇಕಾದದ್ದನ್ನೂ ನಿಮ್ಮ ರುಚಿಯನ್ನೂ ಬೇರೆ ಮಾಡಿ ಹೇಳಿ. ಮೊದಲ ಪ್ಯಾಚಿಗೇ ನಲವತ್ತು ಕಾಮೆಂಟ್ ಬಿದ್ದರೆ ಅದರಲ್ಲಿ ಮೂವತ್ತೈದು ಸ್ಪೇಸ್ ಬಗ್ಗೆ ಅಂತ ಅವರಿಗೆ ಗೊತ್ತಾಗುವುದಿಲ್ಲ.

ಮೂರನೇ ಪ್ಯಾಚ್ ಸೇರಿದ ಮೇಲೆ ನಾನು ಜಾಗ ಅದಲು ಬದಲು ಮಾಡುತ್ತೇನೆ. ಇನ್ನೂ ಹೊಸಬರು ಬಂದರೆ ಅವರ ಪಕ್ಕದಲ್ಲಿ ಕೂರುವುದು ಈಗ ಇವರು. ನಾನು ಆನ್‌ಲೈನ್ ಕರೆಯಲ್ಲಿ ಇರುತ್ತೇನೆ, ಮಾತಾಡುವುದಿಲ್ಲ. ತಪ್ಪು ಫೈಲ್ ತೆರೆಯುತ್ತಾರೆ, ಅಲ್ಲೇ ಐದು ನಿಮಿಷ ಸುತ್ತುತ್ತಾರೆ, ನನ್ನ ನಾಲಿಗೆ ತುರಿಸುತ್ತದೆ. ಅದಕ್ಕೇ ಈಗ ಕರೆ ಶುರುವಾಗುತ್ತಿದ್ದಂತೆ ಮೈಕ್ ಮ್ಯೂಟ್ ಮಾಡಿ, ಹೆಡ್‌ಫೋನ್ ಹಾಕಿಕೊಂಡು, ಕೈ ಕಟ್ಟಿ ಕೂರುತ್ತೇನೆ. ಕಳೆದ ಸಲ ಹಾಗೆ ಕೂತಿದ್ದಾಗ, ನನಗೇ ಗೊತ್ತಿಲ್ಲದ ಒಂದು ಹಳೆಯ ಬಗ್ ಅವರಿಬ್ಬರ ಬ್ಯಾಕ್‌ಟ್ರೇಸಿನಲ್ಲಿ ಕಂಡಿತು.